ಹತ್ತನೇ ಕ್ಲಾಸಿನ ಆಟದ ಪೀರಿಯಡ್ ವಾಪಸ್ ಕೊಡಿ: ಒಂದು ಬಹಿರಂಗ ಪತ್ರ

ರಾಜ್ಯದ ಪ್ರೌಢಶಾಲೆಗಳ ಮುಖ್ಯ ಶಿಕ್ಷಕರಿಗೆ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮತ್ತು ಜಿಲ್ಲೆಯ ಉಪನಿರ್ದೇಶಕ (ಡಿಡಿಪಿಐ) ಸಾಹೇಬರಿಗೆ ನಮಸ್ಕಾರಗಳು.

ನಿಮ್ಮ ಆಫೀಸ್ ಗೋಡೆ ಮೇಲಿರುವ ವೇಳಾಪಟ್ಟಿಯನ್ನು ಒಮ್ಮೆ ನೋಡಿ. ಹತ್ತನೇ ತರಗತಿಯ ಸಾಲಿನಲ್ಲಿ, ಕಡೆಯ ಪೀರಿಯಡ್ ಹತ್ತಿರ, ‘ದೈ.ಶಿ.’ (ದೈಹಿಕ ಶಿಕ್ಷಣ) ಅಂತ ಬರೆದಿರುತ್ತದೆ. ಇನ್‌ಸ್ಪೆಕ್ಷನ್‌ಗೆ ಬಂದವರಿಗೂ ಅದು ಕಾಣುತ್ತದೆ, ಟಿಕ್ ಹಾಕಿಕೊಂಡು ಹೋಗುತ್ತಾರೆ. ಆದರೆ ದಸರಾ ರಜೆ ಮುಗಿದ ಮೇಲೆ ಆ ಪೀರಿಯಡ್‌ನಲ್ಲಿ ಮಕ್ಕಳು ಎಲ್ಲಿರುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಗಣಿತದ ಮೇಷ್ಟ್ರು ಬೋರ್ಡ್ ಮೇಲೆ ತ್ರಿಕೋನಮಿತಿ ಬಿಡಿಸುತ್ತಿರುತ್ತಾರೆ. ಅವರಿಗೆ ಬೇಡವಾದರೆ ವಿಜ್ಞಾನದ ಮೇಡಂ ಬರುತ್ತಾರೆ. ಇಬ್ಬರೂ ರಜೆ ಇದ್ದ ದಿನ ಮಾತ್ರ ಪಿ.ಟಿ. ಮೇಷ್ಟ್ರ ನೆನಪಾಗುತ್ತದೆ. ‘ಸರ್, ಸ್ವಲ್ಪ ಕ್ಲಾಸ್ ನೋಡ್ಕೊಳ್ಳಿ. ಗಲಾಟೆ ಆಗಬಾರದು. ಹೊರಗೆ ಮಾತ್ರ ಬಿಡಬೇಡಿ.’

ನಾನು ಆ ಪಿ.ಟಿ. ಮೇಷ್ಟ್ರು. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಹುದ್ದೆ, ಬಡ್ತಿ, ದೈಹಿಕ ಶಿಕ್ಷಣದ ಬಗೆಗಿನ ವೈದ್ಯನಾಥನ್ ವರದಿ, ಅದೆಲ್ಲ ಬೇರೆಯೇ ಜಗಳ. ಸಂಘದವರು ನೋಡಿಕೊಳ್ಳುತ್ತಾರೆ. ಇವತ್ತು ಬರೆಯುತ್ತಿರುವುದು ಒಂದೇ ವಿಷಯಕ್ಕೆ. ಮಕ್ಕಳಿಗೆ ಆಟ ಅತಿ ಹೆಚ್ಚು ಬೇಕಾದ ತಿಂಗಳುಗಳಲ್ಲೇ ಅದನ್ನು ಅವರಿಂದ ಕಿತ್ತುಕೊಳ್ಳಲಾಗುತ್ತಿದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ದಯವಿಟ್ಟು ಅದನ್ನು ಮುಟ್ಟಬೇಡಿ.

ಆ ತಿಂಗಳುಗಳಲ್ಲಿ ಹತ್ತನೇ ಕ್ಲಾಸಿನ ಮಗುವಿನ ದಿನ ಹೇಗಿರುತ್ತದೆ? ಬೆಳಗಿನ ಜಾವ ಐದಕ್ಕೆ ಮೊದಲೇ ಮೇಷ್ಟ್ರ ಫೋನು: ‘ಎದ್ದಿದ್ದೀಯಾ? ಲೈಟ್ ಹಾಕಿದ್ದೀಯಾ?’ ಒಂಬತ್ತಕ್ಕೆ ಸ್ಪೆಷಲ್ ಕ್ಲಾಸ್. ಆಮೇಲೆ ಮಾಮೂಲಿ ಪೀರಿಯಡ್‌ಗಳು. ಸಂಜೆ ಮತ್ತೆ ಸ್ಪೆಷಲ್ ಕ್ಲಾಸ್. ಬಸ್ ಹಿಡಿದು ಊರು ಸೇರುವಷ್ಟರಲ್ಲಿ ಕತ್ತಲು. ಊಟ ಆದ ಮೇಲೆ ಯಾರದೋ ಮನೆ ಜಗಲಿಯಲ್ಲಿ ಗುಂಪು ಅಧ್ಯಯನ. ಎದ್ದಾಗಿನಿಂದ ಮಲಗುವವರೆಗೆ ಮಗು ಕೂತೇ ಇರುತ್ತದೆ. ಬೆಂಚಿನ ಮೇಲೆ, ಚಾಪೆ ಮೇಲೆ, ಸೀಟು ಸಿಕ್ಕರೆ ಬಸ್ಸಿನಲ್ಲೂ.

2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಬಂತು. ಒಂದರಲ್ಲಿ ಎಡವಿದರೆ ಇನ್ನೊಂದಿದೆ, ಮಕ್ಕಳ ಭಯ ಕಡಿಮೆಯಾಗಲಿ ಅನ್ನುವ ಉದ್ದೇಶ. ಒಳ್ಳೆಯದೇ. ಶಾಲೆಯೊಳಗೆ ಆಗಿದ್ದೇ ಬೇರೆ. ಸ್ಪೆಷಲ್ ಕ್ಲಾಸ್ ಬೇಸಿಗೆ ರಜೆಗೂ ನುಗ್ಗಿತು.

ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂತು ಅಂದರೆ ನನ್ನ ಬಳಿ ಇರುವ ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಕೆಲಸ ಜಾಸ್ತಿ. ಹೊಟ್ಟೆ ನೋವು, ತಲೆ ನೋವು, ವಾಂತಿ ಬಂದ ಹಾಗೆ ಆಗುವುದು. ಆ ಪೆಟ್ಟಿಗೆಯಲ್ಲಿ ಬ್ಯಾಂಡೇಜ್ ಇದೆ, ಟಿಂಚರ್ ಇದೆ, ಓಆರ್‌ಎಸ್ ಇದೆ. ಈ ಕಾಯಿಲೆಗೆ ಬೇಕಾದದ್ದು ಇಲ್ಲ.

ಒಮ್ಮೆ ಗಣಿತದ ಪೂರ್ವಸಿದ್ಧತಾ ಪರೀಕ್ಷೆಯ ಬೆಳಿಗ್ಗೆ ಒಬ್ಬ ಹುಡುಗಿ ಬಂದಳು. ಓದುವ ಹುಡುಗಿಯೇ. ಅಂಗೈ ಎಷ್ಟು ಬೆವರಿತ್ತೆಂದರೆ ಅಲ್ಲಿ ಪೆನ್ನಿನಲ್ಲಿ ಬರೆದುಕೊಂಡಿದ್ದ ಸೂತ್ರ ನೀಲಿಯಾಗಿ ಹರಡಿಕೊಂಡಿತ್ತು. (ಅದನ್ನು ನೋಡಿಯೂ ನೋಡದ ಹಾಗಿದ್ದೆ. ಹೇಗೂ ಓದಲು ಆಗುವಂತಿರಲಿಲ್ಲ.) ಉಸಿರು ಮೇಲೆ ಮೇಲೆ. ‘ಸರ್, ಎಲ್ಲಾ ಮರೆತುಹೋಗಿದೆ’ ಅಂದಳು. ಸಮಾಧಾನದ ಮಾತು ಹೇಳಿದರೆ ಅತ್ತೇ ಬಿಡುತ್ತಾಳೆ ಅನ್ನಿಸಿತು. ‘ಬಾಮ್ಮ, ಮೈದಾನ ಸುತ್ತಿ ಬರೋಣ’ ಅಂದೆ. ಬಿರಬಿರನೆ ನಡೆದೆವು. ಅವರ ಮನೆ ಎಮ್ಮೆ ಕರು ಹಾಕಿದ ವಿಷಯ ಬಂತು. ಕರುವಿಗೆ ಏನು ಹೆಸರಿಡುವುದು ಅಂತ ಮನೆಯಲ್ಲಿ ಜಗಳವಂತೆ. ನಡಿಗೆ ಜೋರಾಗುತ್ತಾ ಹೋದ ಹಾಗೆ ಅವಳ ಮಾತು ಸಲೀಸಾಯಿತು. ಬೆಲ್ ಹೊಡೆಯುವ ಮೊದಲು ಅವಳೇ, ‘ಹೋಗ್ತೀನಿ ಸರ್, ಟೈಮಾಯ್ತು’ ಅಂತ ಓಡಿದಳು. ಪವಾಡವೇನೂ ಆಗಲಿಲ್ಲ, ಮಾರ್ಕ್ಸ್ ಎಂದಿನಷ್ಟೇ ಬಂತು. ಆದರೆ ಕೂತು ಪೂರ್ತಿ ಬರೆದಳು.

ಇದರ ಹಿಂದೆ ಮಂತ್ರ ಏನೂ ಇಲ್ಲ. ಭಯವಾದಾಗ ಕಿಡ್ನಿಯ ತಲೆ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ರಕ್ತಕ್ಕೆ ಸಕ್ಕರೆ ಬರುತ್ತದೆ, ಸ್ನಾಯು ಬಿಗಿಯಾಗುತ್ತದೆ, ಜೀರ್ಣದ ಕೆಲಸ ನಿಧಾನವಾಗುತ್ತದೆ. ಹೊಟ್ಟೆ ನೋವಿನ ಎಷ್ಟೋ ದೂರು ಹೀಗೇ ಬರುವುದು. ಈ ತಯಾರಿಯೆಲ್ಲ ಓಡುವುದಕ್ಕೆ, ಇಲ್ಲವೇ ಹೊಡೆದಾಡುವುದಕ್ಕೆ. ಎದುರಿಗೆ ಹುಲಿ ಬಂದಿದ್ದರೆ ಕೆಲಸಕ್ಕೆ ಬರುತ್ತಿತ್ತು. ಬಂದಿರುವುದು ಪ್ರಶ್ನೆ ಪತ್ರಿಕೆ. ಮೈ ಓಡಲು ಸಜ್ಜಾಗಿದೆ, ನಾವು ‘ಕೈ ಕಟ್ಟಿ ಕೂತ್ಕೊ’ ಅನ್ನುತ್ತೇವೆ. ಓಡಿಸಿದರೆ ಆ ಸಕ್ಕರೆ, ಆ ಬಿಗಿ ಬಳಕೆಯಾಗುತ್ತದೆ. ಆಟ ನಿಂತ ಮೇಲೆ ಎದೆಬಡಿತ ಇಳಿಯುತ್ತದೆ, ಮೈ ಸಡಿಲವಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ.

ಇನ್ನೊಂದು ಲಾಭವನ್ನು ಮೈದಾನದಲ್ಲಿ ನಿಂತು ನೋಡಿದರೆ ಮಾತ್ರ ಗೊತ್ತಾಗುವುದು. ಭಯ ಹೆಚ್ಚಿರುವ ಮಕ್ಕಳಿಗೆ ಎದೆ ಹೊಡೆದುಕೊಳ್ಳುವುದೇ ಒಂದು ಭಯ. ‘ನನಗೆ ಏನೋ ಆಗ್ತಿದೆ’ ಅಂತ ಇನ್ನೂ ಗಾಬರಿಯಾಗುತ್ತಾರೆ. ಅದೇ ಮಗು ಕಬಡ್ಡಿಯಲ್ಲಿ ರೈಡ್ ಹೋಗಿ ಬಂದಾಗ ಎದೆ ಅಷ್ಟೇ ಜೋರಾಗಿ ಹೊಡೆದುಕೊಳ್ಳುತ್ತದೆ, ಐದು ನಿಮಿಷದಲ್ಲಿ ತಾನಾಗಿಯೇ ಸರಿಹೋಗುತ್ತದೆ. ದಿನಾ ಇದನ್ನು ಅನುಭವಿಸಿದ ಮಗು ಪರೀಕ್ಷಾ ಕೊಠಡಿಯಲ್ಲಿ ಎದೆ ಹೊಡೆದುಕೊಂಡರೆ ಅಷ್ಟು ಹೆದರುವುದಿಲ್ಲ. ಬಾಯಲ್ಲಿ ಎಷ್ಟು ಧೈರ್ಯ ಹೇಳಿದರೂ ಈ ಪಾಠ ಆಗುವುದಿಲ್ಲ.

ಸುಮ್ನೆ ಪಿ.ಟಿ. ಮೇಷ್ಟ್ರು ತನ್ನ ಅಂಗಡಿ ನಡೆಸಲು ಹೇಳುತ್ತಿದ್ದಾನೆ ಅಂದುಕೊಳ್ಳಬೇಡಿ. 2018ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಅಮೆರಿಕದ ಸುಮಾರು 12 ಲಕ್ಷ ವಯಸ್ಕರ ಮಾಹಿತಿ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ ಬಂತು. ವ್ಯಾಯಾಮ ಮಾಡುವವರಿಗೆ ಮಾಡದವರಿಗಿಂತ ‘ಮನಸ್ಸು ಸರಿ ಇಲ್ಲದ ದಿನಗಳು’ ತಿಂಗಳಿಗೆ ನೂರಕ್ಕೆ 43ರಷ್ಟು ಕಡಿಮೆ ಇದ್ದವು. ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಕಂಡದ್ದು ತಂಡವಾಗಿ ಆಡುವ ಆಟಗಳಲ್ಲಿ. ಒಂದು ಸಲಕ್ಕೆ ಮುಕ್ಕಾಲು ಗಂಟೆ, ವಾರಕ್ಕೆ ಮೂರರಿಂದ ಐದು ದಿನ ಮಾಡಿದವರು ಚೆನ್ನಾಗಿದ್ದರು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ದಂಡಿಸಿದವರ ಸ್ಥಿತಿ ಅಷ್ಟು ಚೆನ್ನಾಗಿರಲಿಲ್ಲ. ಇದು ದೊಡ್ಡವರ ಲೆಕ್ಕ, ಅವರೇ ಹೇಳಿಕೊಂಡ ಲೆಕ್ಕ. ಮನಸ್ಸು ಚೆನ್ನಾಗಿರುವವರೇ ಆಟಕ್ಕೆ ಹೋಗುತ್ತಾರೇನೋ ಅಂತ ಕೇಳಬಹುದು, ಕೇಳಬೇಕು ಕೂಡ. ಆದರೂ ಮುಕ್ಕಾಲು ಗಂಟೆ ಅಂದರೆ ಹತ್ತಿರಹತ್ತಿರ ನಮ್ಮ ಒಂದು ಪೀರಿಯಡ್. ಅದು ಈಗಾಗಲೇ ವೇಳಾಪಟ್ಟಿಯಲ್ಲಿ ಇದೆಯಲ್ಲ?

ಮಕ್ಕಳ ಓದಿನ ಬಗ್ಗೆಯೇ ಕೇಳುವುದಾದರೆ, 2009ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಒಂಬತ್ತು ಹತ್ತು ವರ್ಷದ ಮಕ್ಕಳನ್ನು 20 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆಸಿ ಪರೀಕ್ಷೆ ಕೊಟ್ಟರು. ಸುಮ್ಮನೆ ಕೂತು ಬಂದ ದಿನಕ್ಕಿಂತ ನಡೆದು ಬಂದ ದಿನ ಗಮನವೂ ಚೆನ್ನಾಗಿತ್ತು, ಓದಿ ಅರ್ಥ ಮಾಡಿಕೊಳ್ಳುವುದೂ ಚೆನ್ನಾಗಿತ್ತು. ಮಕ್ಕಳ ಸಂಖ್ಯೆ ಸಣ್ಣದು, ಒಪ್ಪಿದೆ. ಆದರೆ ನಮಗೆ ಟ್ರೆಡ್‌ಮಿಲ್ಲೂ ಬೇಡ, ಮೈದಾನ ಇದೆ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಪರೀಕ್ಷೆ ಇರುವ ಮಕ್ಕಳಿಗೆ ವಿನಾಯಿತಿ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಸಿಬಿಎಸ್‌ಇಯವರು 2018ರಲ್ಲೇ 9ರಿಂದ 12ನೇ ತರಗತಿವರೆಗೆ ದಿನಕ್ಕೊಂದು ಆಟದ ಪೀರಿಯಡ್ ಕಡ್ಡಾಯ ಮಾಡಿದರು. ಅಲ್ಲೂ ಎಷ್ಟು ಕಡೆ ನಿಜವಾಗಿ ಮೈದಾನಕ್ಕೆ ಬಿಡುತ್ತಾರೆ ಅನ್ನುವುದು ಬೇರೆ ಪ್ರಶ್ನೆ.

ನಿಮ್ಮ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಫಲಿತಾಂಶ ಬಂದ ದಿನ ಜಿಲ್ಲೆ ಎಷ್ಟನೇ ಸ್ಥಾನ ಅನ್ನುವುದೇ ಸುದ್ದಿ. ಸ್ಥಾನ ಇಳಿದರೆ ಮೇಲಿನವರು ಡಿಡಿಪಿಐ ಅವರನ್ನು ಕೇಳುತ್ತಾರೆ, ಅವರು ಬಿಇಒ ಅವರನ್ನು, ಬಿಇಒ ಮುಖ್ಯ ಶಿಕ್ಷಕರನ್ನು. ನೋಟಿಸಿಗೆ ಉತ್ತರ ಬರೆಯುವಾಗ ‘ಮಕ್ಕಳು ಖೋ ಖೋ ಆಡುತ್ತಿದ್ದರು’ ಅಂತ ಬರೆಯಲು ಯಾರಿಗೆ ಧೈರ್ಯ? ‘ದೈಹಿಕ ಶಿಕ್ಷಣದ ಪೀರಿಯಡ್ಡನ್ನೂ ಬಳಸಿಕೊಂಡು ವಿಶೇಷ ತರಗತಿ ನಡೆಸಲಾಗಿದೆ’ ಅಂತ ಬರೆದರೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಈ ಪತ್ರವನ್ನು ಮುಖ್ಯ ಶಿಕ್ಷಕರಿಗೆ ಮಾತ್ರ ಬರೆಯದೆ ಮೇಲಿನವರಿಗೂ ಸೇರಿಸಿ ಬರೆದಿದ್ದೇನೆ.

ಆದರೆ ಆ ಕಡೆಯ ಪೀರಿಯಡ್‌ನಲ್ಲಿ ನಡೆಯುವ ಗಣಿತವನ್ನು ಕಿಟಕಿಯಿಂದ ಒಮ್ಮೆ ನೋಡಿ. ಮುಂದಿನ ಬೆಂಚಿನ ನಾಲ್ಕು ಮಕ್ಕಳು ಬರೆದುಕೊಳ್ಳುತ್ತಿರುತ್ತಾರೆ. ಮಧ್ಯದವರು ಬೋರ್ಡ್ ನೋಡುತ್ತಿರುತ್ತಾರೆ, ಕಣ್ಣು ಮಾತ್ರ ಅಲ್ಲಿ. ಹಿಂದಿನ ಬೆಂಚಿನಲ್ಲಿ ಒಬ್ಬ ಕಂಪಾಸ್ ಮುಳ್ಳಿನಿಂದ ಡೆಸ್ಕ್ ಕೆತ್ತುತ್ತಿರುತ್ತಾನೆ. ಉಳುವ ಎತ್ತಿಗೂ ಮಧ್ಯಾಹ್ನ ನೊಗ ಇಳಿಸುತ್ತಾರೆ. ಈ ಮಕ್ಕಳಿಗೆ ಸಂಜೆಯಾದರೂ ಇಳಿಸುವುದಿಲ್ಲ. ಮೇಷ್ಟ್ರಿಗೂ ಗಂಟಲು ಒಣಗಿರುತ್ತದೆ, ಅವರಿಗೂ ಸುಸ್ತು. ಆ ಪೀರಿಯಡ್‌ನಿಂದ ಗಣಿತಕ್ಕೆ ಆದ ಲಾಭ ಎಷ್ಟು ಅಂತ ಅವರನ್ನೇ ಕೇಳಿ, ಸ್ಟಾಫ್ ರೂಮಿನಲ್ಲಿ ನಿಜ ಹೇಳುತ್ತಾರೆ.

ಈಗ ಆಟ ಅಂದರೆ ಎಂಥ ಆಟ ಅನ್ನುವುದನ್ನೂ ಹೇಳಿಬಿಡಬೇಕು. ಯಾಕೆಂದರೆ ‘ಬಿಟ್ಟರೆ ಮಕ್ಕಳು ಕಾಲು ಮುರಿದುಕೊಳ್ಳುತ್ತಾರೆ’ ಅನ್ನುವವರೂ ಇದ್ದಾರೆ, ‘ಯೋಗ ಮಾಡಿಸಿದ್ದೇವಲ್ಲ, ಜೂನ್ 21ಕ್ಕೆ’ ಅನ್ನುವವರೂ ಇದ್ದಾರೆ.

ಖೋ ಖೋವನ್ನೇ ತೆಗೆದುಕೊಳ್ಳಿ. ಬೇಕಾದದ್ದು ಎರಡು ಕಂಬ, ಒಂದಿಷ್ಟು ಸುಣ್ಣ. ಎಂಟು ಮಕ್ಕಳು ಸಾಲಾಗಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ, ಒಬ್ಬರ ಮುಖ ಆ ಕಡೆ, ಇನ್ನೊಬ್ಬರದು ಈ ಕಡೆ. ಬೆನ್ನ ಹಿಂದೆ ಯಾವಾಗ ‘ಖೋ’ ಬೀಳುತ್ತದೋ ಗೊತ್ತಿಲ್ಲ. ಬಿದ್ದ ತಕ್ಷಣ ಏಳಬೇಕು, ಒಂದೇ ದಿಕ್ಕಿಗೆ ನುಗ್ಗಬೇಕು. ಅಲ್ಲಿ ಕೂತ ಮಗುವಿಗೆ ನಾಳಿನ ಸಮಾಜ ವಿಜ್ಞಾನದ ಟೆಸ್ಟ್ ನೆನಪಿಗೆ ಬರಲು ಜಾಗವೇ ಇರುವುದಿಲ್ಲ. ಅರ್ಧ ನಿಮಿಷ ಜೋರು ಓಟ, ಆಮೇಲೆ ಕೂತು ಉಸಿರು ತೆಗೆದುಕೊಳ್ಳುವುದು, ಮತ್ತೆ ಓಟ. ಹೊರಗೆ ನಿಂತವರು ಕಿರುಚುತ್ತಿರುತ್ತಾರೆ. ದಿನವಿಡೀ ‘ಸೈಲೆನ್ಸ್’ ಕೇಳಿದ ಮಕ್ಕಳಿಗೆ ಹೊಟ್ಟೆ ತುಂಬ ಕಿರುಚುವುದೂ ಒಂದು ಔಷಧಿಯೇ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರೂ ಗೆದ್ದರು, ಮಹಿಳೆಯರೂ ಗೆದ್ದರು. ವಾಟ್ಸಾಪ್ ಗುಂಪುಗಳಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅದೇ ವಾರ ನಮ್ಮ ಹತ್ತನೇ ಕ್ಲಾಸಿನವರು ಒಳಗೆ ಕೂತು ಪ್ರಶ್ನೆ ಪತ್ರಿಕೆಯ ಬ್ಲೂಪ್ರಿಂಟ್ ಉರು ಹೊಡೆಯುತ್ತಿದ್ದರು.

ದೈಹಿಕ ಶಿಕ್ಷಣಕ್ಕೂ ಪಠ್ಯಪುಸ್ತಕ ಇದೆ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ ಅಂತ ಬಾಯಿಪಾಠ ಹೇಳುವ ಮಕ್ಕಳಿದ್ದಾರೆ. ಆ ಅಂಕಣದೊಳಗೆ ಕಾಲಿಟ್ಟೇ ಇಲ್ಲ.

ನಮ್ಮ ದೈಹಿಕ ಶಿಕ್ಷಕರಿಗೂ ಒಂದು ಮಾತು. ವಲಯ ಮಟ್ಟ, ತಾಲ್ಲೂಕು ಮಟ್ಟದ ಕ್ರೀಡಾಕೂಟ ಅಂತ ಹನ್ನೆರಡು ಗಟ್ಟಿ ಮಕ್ಕಳನ್ನು ಆರಿಸಿ, ಅವರಿಗಷ್ಟೇ ಚೆಂಡು ಕೊಟ್ಟು, ಉಳಿದವರನ್ನು ಮರದ ಕೆಳಗೆ ಕೂರಿಸುವುದು ಎಷ್ಟೋ ಕಡೆ ನಡೆದಿದೆ. ಒತ್ತಡ ಇಳಿಯಬೇಕಾದವರು ಹೆಚ್ಚಾಗಿ ಆ ಮರದ ಕೆಳಗೇ ಇರುತ್ತಾರೆ. ದಪ್ಪಗಿದ್ದೇನೆ ಅಂತ ನಾಚಿಕೊಳ್ಳುವ ಹುಡುಗ, ಓಡಲು ಬರಲ್ಲ ಅನ್ನುವ ಹುಡುಗಿ. ಅವರಿಗೆ ಗೆಲ್ಲುವ ಸೋಲುವ ಲೆಕ್ಕವೇ ಬೇಡ. ಲಗೋರಿ, ಕುಂಟೆಬಿಲ್ಲೆ, ಹಗ್ಗ ಹಾರುವುದು, ಏನೂ ಬೇಡವಾದರೆ ಗೆಳತಿ ಜೊತೆ ಮಾತಾಡುತ್ತಾ ಮೈದಾನ ಸುತ್ತುವುದು, ಎಲ್ಲಾ ಲೆಕ್ಕಕ್ಕೆ ಬರುತ್ತದೆ. ಹುಡುಗಿಯರಿಗೆ ರಸ್ತೆಗೆ ಕಾಣುವ ಮೈದಾನದಲ್ಲಿ ಆಡಲು ಸಂಕೋಚ ಇದ್ದರೆ ಕಟ್ಟಡದ ಹಿಂದಿನ ಜಾಗ ಕೊಡಿ. ಥ್ರೋಬಾಲ್‌ಗೆ ಒಂದು ಹಗ್ಗ ಕಟ್ಟಿದರೂ ಸಾಕು.

ಇನ್ನೊಂದು ಅಭ್ಯಾಸ ಬಿಡಲೇಬೇಕು. ಹೋಂವರ್ಕ್ ಮಾಡಿಲ್ಲ, ‘ಗ್ರೌಂಡ್ ಎರಡು ರೌಂಡ್ ಓಡು’. ಲೇಟಾಗಿ ಬಂದೆ, ‘ಬಸ್ಕಿ ಹೊಡಿ’. ಮಕ್ಕಳ ಶಿಕ್ಷಣ ಹಕ್ಕಿನ 2009ರ ಆರ್‌ಟಿಇ ಕಾನೂನು ದೈಹಿಕ ಶಿಕ್ಷೆ ಬೇಡ ಅನ್ನುತ್ತದೆ, ಅದು ಒಂದು ಕಡೆ ಇರಲಿ. ಓಟವನ್ನು ಶಿಕ್ಷೆಯಾಗಿ ಕಂಡ ಮಗು ಮುಂದೆ ಮನಸ್ಸು ಭಾರವಾದಾಗ ಓಡಲು ಹೋಗುತ್ತದಾ? ಜೀವನಪೂರ್ತಿ ಕೈಗೆ ಸಿಗಬೇಕಾದ ಒಂದು ದಾರಿಯನ್ನು ಹದಿನೈದು ವರ್ಷಕ್ಕೇ ಮುಚ್ಚಿದ ಹಾಗಾಯಿತು.

ಹೊಟ್ಟೆ ನೋಡಿ ಆಡಿಸಬೇಕು, ಬಿಸಿಲು ನೋಡಿ ಆಡಿಸಬೇಕು. ಬೆಳಿಗ್ಗೆ ತಿಂಡಿ ತಿನ್ನದೆ ಸ್ಪೆಷಲ್ ಕ್ಲಾಸಿಗೆ ಬರುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ರಕ್ತಹೀನತೆ ಇರುವ ಹುಡುಗಿಯರೂ ಇದ್ದಾರೆ, ಬೇಗ ದಣಿಯುತ್ತಾರೆ. ಅವರಿಗೆ ಹಾಲು ಕೊಟ್ಟ ಮೇಲೆ ಮೆಲ್ಲಗೆ ನಡೆಸಿದರೆ ಸಾಕು, ಓಟ ಬೇಡ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಮಾರ್ಚ್ ತಿಂಗಳ ಮಧ್ಯಾಹ್ನ ಮೈದಾನಕ್ಕೆ ಬಿಡಿ ಅಂತ ಬುದ್ಧಿ ಇರುವವರು ಯಾರೂ ಹೇಳುವುದಿಲ್ಲ. ಅಲ್ಲಿ ಬೆಳಗಿನ ಪ್ರಾರ್ಥನೆಗೆ ಮೊದಲು ಆಡಿಸಬಹುದು.

ಪಿಯು ಕಾಲೇಜುಗಳ ಬಗ್ಗೆ ಹೇಳಲು ಹೊರಟರೆ ಇನ್ನೊಂದು ಪತ್ರವೇ ಆಗುತ್ತದೆ. ಎಷ್ಟೋ ಕಾಲೇಜುಗಳಲ್ಲಿ ಆಟ ಕಲಿಸುವವರೇ ಇಲ್ಲ. ನೀಟ್, ಜೆಇಇ, ಸಿಇಟಿ ಕೋಚಿಂಗ್ ಸೇರಿಸಿದ ಹಾಸ್ಟೆಲ್‌ಗಳಲ್ಲಿ ಮಕ್ಕಳು ಬಿಸಿಲು ಕಾಣುವುದು ಊಟದ ಹಾಲ್‌ಗೆ ಹೋಗುವಾಗ ಮಾತ್ರ. ನಮ್ಮಲ್ಲಿ ಲಾಂಗ್ ಜಂಪ್ ಹಾರುತ್ತಿದ್ದ ಹುಡುಗನೊಬ್ಬ ಅಂಥದ್ದೊಂದು ಕಡೆ ಸೇರಿದ. ರಜೆಗೆ ಬಂದವನು ಶಾಲೆಗೆ ಬಂದು ಕೇಳಿದ್ದು ಒಂದೇ. ‘ಸರ್, ಪಿಟ್‌ನಲ್ಲಿ ಒಂದ್ಸಲ ಹಾರ್ಲಾ?’ ಹಾರಿದ, ಮರಳು ಕೊಡವಿಕೊಂಡು ನಕ್ಕ, ಮತ್ತೆ ಮತ್ತೆ ಹಾರಿದ.

ಆಟವೇ ಎಲ್ಲಕ್ಕೂ ಮದ್ದು ಅಂತ ನಾನು ಹೇಳುತ್ತಿಲ್ಲ. ಭಾರತದಲ್ಲಿ 2022ರಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13 ಸಾವಿರಕ್ಕೂ ಹೆಚ್ಚು ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ವಾರಗಟ್ಟಲೆ ಮಾತು ಬಿಟ್ಟ ಮಗು, ಊಟ ಬಿಟ್ಟ ಮಗು, ‘ನಾನಿದ್ದು ಏನು ಪ್ರಯೋಜನ’ ಅನ್ನುವ ಮಗು ಕಂಡರೆ ಚೆಂಡು ಕೊಟ್ಟು ಕಳಿಸುವುದಲ್ಲ, ಮನೆಯವರನ್ನು ಕರೆಸಿ ವೈದ್ಯರ ಹತ್ತಿರ ಕಳಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ನಂಬರನ್ನು ಹತ್ತನೇ ಕ್ಲಾಸಿನ ಬೋರ್ಡಿನ ಮೂಲೆಯಲ್ಲಿ ಬರೆಸಿಡಿ. ದಿನಾಂಕ ಬರೆಯುವ ಜಾಗದ ಪಕ್ಕ ಆದರೂ ಸರಿ. ಆದರೆ ಆ ಮಟ್ಟಕ್ಕೆ ಹೋಗುವ ಮೊದಲು ತರಗತಿ ತುಂಬ ಸುಮ್ಮನೆ ಸಣ್ಣಗೆ ಬಳಲುತ್ತಿರುವ ಮಕ್ಕಳಿದ್ದಾರಲ್ಲ, ನಾನು ಕೇಳುತ್ತಿರುವುದು ಅವರಿಗೋಸ್ಕರ.

ಹಾಗಾದರೆ ಏನು ಮಾಡಬೇಕು? ಹೊಸ ಯೋಜನೆ ಬೇಡ, ಅನುದಾನ ಬೇಡ. ವೇಳಾಪಟ್ಟಿಯಲ್ಲಿ ಇರುವ ‘ದೈ.ಶಿ.’ ಪೀರಿಯಡ್ಡನ್ನು ಮಾರ್ಚ್‌ವರೆಗೂ ಬೇರೆ ವಿಷಯಕ್ಕೆ ಕೊಡಬಾರದು ಅಂತ ಒಂದು ಸಾಲು ಬರೆಯಿರಿ. ಬೆಳಗಿನ ಸ್ಪೆಷಲ್ ಕ್ಲಾಸಿಗೂ ಮೊದಲ ಪೀರಿಯಡ್‌ಗೂ ಮಧ್ಯೆ 15 ನಿಮಿಷ ಹೊರಗೆ ಬಿಡಿ, ಸಂಜೆಯೂ ಹಾಗೇ. ಪೂರ್ವಸಿದ್ಧತಾ ಪರೀಕ್ಷೆ ದಿನ ಅರ್ಧ ಗಂಟೆ ಮೊದಲು ಮಕ್ಕಳನ್ನು ಮೈದಾನದಲ್ಲಿ ಒಂದು ಸುತ್ತು ನಡೆಸಿ ಒಳಗೆ ಕಳಿಸಿ. ಆ ಕಡೆ ಘಳಿಗೆಯಲ್ಲಿ ನೋಟ್ಸ್ ತಿರುವಿ ಹಾಕಿ ಯಾರೂ ಉದ್ಧಾರ ಆಗಿಲ್ಲ. ಪಿ.ಟಿ. ಮೇಷ್ಟ್ರು ಇಲ್ಲದ ಶಾಲೆಗಳಲ್ಲಿ ಯಾವ ಮೇಷ್ಟ್ರಾದರೂ ಮಾಡಬಹುದು, ವಿಶಲ್ ಊದಲು ಬಿ.ಪಿ.ಎಡ್ ಡಿಗ್ರಿ ಬೇಕಾಗಿಲ್ಲ.

ನೀವೂ ಬನ್ನಿ ಸರ್, ಮೇಡಂ. ಸ್ಟಾಫ್ ರೂಮಿನಲ್ಲಿ ಬಿಪಿ, ಶುಗರ್ ಮಾತ್ರೆ ಡಬ್ಬಿ ಎಷ್ಟಿವೆ ಅಂತ ನಮಗೆಲ್ಲ ಗೊತ್ತು. ಫಲಿತಾಂಶದ ಒತ್ತಡ ಮಕ್ಕಳಿಗಿಂತ ನಿಮಗೇನು ಕಡಿಮೆ ಇಲ್ಲ, ಅಲ್ವಾ? ಥ್ರೋಬಾಲ್‌ನಲ್ಲಿ ಮುಖ್ಯ ಶಿಕ್ಷಕರು ಕ್ಯಾಚ್ ಬಿಟ್ಟಾಗ ಮಕ್ಕಳು ನಗುವ ನಗು ಒಮ್ಮೆ ಕೇಳಬೇಕು ನೀವು.

ಕೊನೆಗೆ ಒಂದು ಸಣ್ಣ ವಿನಂತಿ. ಈ ಪತ್ರ ಓದಿ ಮೇಲಿನವರು ಯಾರಾದರೂ ಮನಸ್ಸು ಮಾಡಿ ಸುತ್ತೋಲೆ ಹೊರಡಿಸುವುದೇ ಆದರೆ ತುಂಬ ಸಂತೋಷ. ಆದರೆ ‘ಮಕ್ಕಳು ಆಡುತ್ತಿರುವ ಫೋಟೋವನ್ನು ಜಿಪಿಎಸ್ ಸಮೇತ ಪ್ರತಿದಿನ ಸಂಜೆ ಐದರೊಳಗೆ ಗ್ರೂಪಿಗೆ ಹಾಕತಕ್ಕದ್ದು’ ಅನ್ನುವ ಸಾಲನ್ನು ಮಾತ್ರ ಸೇರಿಸಬೇಡಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವುದರಲ್ಲೇ ಆ ಪೀರಿಯಡ್ ಮುಗಿದುಹೋಗುತ್ತದೆ.

ಇಂತಿ ನಿಮ್ಮವನೇ ಆದ,
ಒಬ್ಬ ದೈಹಿಕ ಶಿಕ್ಷಣ ಶಿಕ್ಷಕ